ಬಳೆಯಷ್ಟು ವೃತ್ತ

ಜಗನ್ನಾಥ ಪೆನ್ಸಿಲ್ಲಿಗೆ ಇನ್ನೊಂದು ಸುತ್ತು ಕಾಗದ ಸುತ್ತಿ ಮಶೀನಿನಲ್ಲಿ ಉಳಿ ಕಚ್ಚಿಸುವ ಚಕ್ಕಿಗೆ ತುರುಕಿದ. ಅದು ಮತ್ತೆ ಅಲ್ಲಾಡಿತು. ಹೊರಗೆ ಮಾನ್ವಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಎಂಜಿನ್ನು ಬಡಬಡ ಅನ್ನುತ್ತಲೇ ಇತ್ತು. ಅದರ ಹಿಂದಿನ ಟ್ರೇಲರಿನಲ್ಲಿ, ಚಾಪೆಯ ಮೇಲೆ, ಸುಂಕಪ್ಪನ ಹೆಣ.

"ಜಲ್ದಿ ಮಾಡ್ರಿ ಸಾಬ್," ಎಂದ ಜಹೀರುದ್ದೀನ್. ಆ ವರ್ಕ್‌ಶಾಪಿನ ಹಿರಿಯ ಟರ್ನರ್ ಅವನು. ಸುಂಕಪ್ಪನ ಪಕ್ಕದ ಲೇತಿನಲ್ಲೇ ಕಬ್ಬಿಣ ಕಡೆಯುತ್ತ ತಲೆ ಬೆಳ್ಳಗಾದವನು. "ಹೊತ್ತು ಮುಳಗೂದ್ರೊಳಗ ಕುರ್ಡಿ ಮುಟ್ಟಬೇಕಂತ. ಅಲ್ಲಿ ಕುಣಿ ತೋಡಿ ಕಾಯಾಕತ್ತಾರ."

"ಪೆನ್ಸಿಲ್ ನಿಲ್ಲವಲ್ದು ಜಹೀರಭಾಯಿ."

"ಸರೀರಿ, ನಾ ಹಿಡೀತೀನಿ."

ಜಹೀರುದ್ದೀನ್ ಪೆನ್ಸಿಲ್ ಹಿಡಿದು ಚಕ್ಕು ಬಿಗಿ ಮಾಡಿದ. ಮೇಜಿನ ಮೇಲೆ ಬಿಳಿ ಹಾಳೆ ಅಂಟಿಸಿದರು. ಮಶೀನಿಗೆ ಹುಕುಂ ಕೊಡುವ ಹೊಸ ಟೇಪು ಬಂದಾಗಲೆಲ್ಲ ಮಾಡುತ್ತಿದ್ದದ್ದು ಇದೇ. ಕಬ್ಬಿಣ ಕೊರೆಯುವ ಮೊದಲು ಪೆನ್ಸಿಲ್ ಕಟ್ಟಿ ಹಾಳೆಯ ಮೇಲೆ ಬರೆಸಿ ನೋಡುವುದು. ತಪ್ಪಿದರೆ ಹಾಳೆ ಹೋಗಲಿ, ಮಶೀನು ಉಳಿಯಲಿ ಅಂತ. ಆ ರೂಢಿ ಹಾಕಿದವನು ಸುಂಕಪ್ಪನೇ.

ಸುಂಕಪ್ಪನ ಮನೆತನದಲ್ಲಿ ಒಂದು ಕಟ್ಟುಪಾಡು. ಸಾಯುವವನು ಕೇಳಿದ ಮಾತಿಗೆ ಜವಾಬು ಸಿಗದೆ ಮಣ್ಣು ಹಾಕುವಂತಿಲ್ಲ. ಯಾರನ್ನು ಕೇಳಿದನೋ ಅವರೇ ಬಂದು ಕಿವಿಯಲ್ಲಿ ಹೇಳಬೇಕು. ಹೆಂಡತಿಯ ಗತಿ ಏನು ಎಂದು ಅಣ್ಣತಮ್ಮಂದಿರನ್ನು ಕೇಳಿದ್ದರೆ ಅವರು ನಾವಿದ್ದೇವೆ ಎನ್ನುತ್ತಿದ್ದರು. ಆ ಪುಣ್ಯಾತ್ಮ ಅದನ್ನು ಕೇಳಲಿಲ್ಲವಲ್ಲ! ಜಗನ್ನಾಥನ ಕೈ ಹಿಡಿದು, "ಬಳಿ ಗೆರಿ ಕೂಡ್ತೇನ್ರಿ?" ಎಂದು ಕೇಳಿ ಹೋದ.

*

ಆ ಮಶೀನು ಬಂದದ್ದು ಎಂಬತ್ತೇಳರ ದೀಪಾವಳಿಗೆ ಮುಂಚೆ. ಮುಂಬಯಿ ಬಂದರಿನ ಹರಾಜಿನಲ್ಲಿ ಮಾಲೀಕರು ಹಿಡಿದುಕೊಂಡು ಬಂದಿದ್ದರು. ರೈಸ್‌ಮಿಲ್ಲಿನ ಸಾಮಾನು ತನ್ನಷ್ಟಕ್ಕೆ ತಾನೇ ಕೊರೆಯುತ್ತದಂತೆ, ಆಳು ಬರೀ ನೋಡುತ್ತ ನಿಂತರೆ ಸಾಕಂತೆ. ಇಳಿಸಿ ನೋಡಿದರೆ ಹೆಸರಿನ ತಗಡನ್ನೇ ಯಾರೋ ಕಿತ್ತುಕೊಂಡಿದ್ದರು. ಜೊತೆಗೆ ಬರಬೇಕಾದ ಪುಸ್ತಕ ಇಲ್ಲ. ಗುಂಡಿಗಳ ಮೇಲೆ ಅಕ್ಷರವಿಲ್ಲ, ಬರೀ ಬಾಣ, ಚುಕ್ಕೆ, ಗೆರೆ. ಯಾವ ದೇಶದ್ದು ಅಂತ ಆ ದೇವರಿಗೇ ಗೊತ್ತು.

ಜಗನ್ನಾಥ ಹೈದರಾಬಾದಿನ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತು ಬಂದ ಇಂಜಿನಿಯರ್. ಮಾನ್ವಿಯ ಆಚಾರ್ಯರ ಮನೆಯ ಹುಡುಗ. ಸುಂಕಪ್ಪ ಅವನನ್ನು ಬಿಟ್ಟೂ ಬಿಡದೆ ಕೇಳುತ್ತಿದ್ದ.

"ಕಂಪ್ಯೂಟರ್ ಹೇಳಿದ್ದು ಇದಕ್ಕ ತಿಳಿಯಂಗಿಲ್ಲೇನ್ರಿ?"

"ಇಲ್ಲ ಸುಂಕಪ್ಪ. ಕಂಪ್ಯೂಟರು ಬರೇ ದಾರಿ ಹೇಳ್ತದ. ಆ ದಾರೀನ ಈ ಮಶೀನಿನ ಮಾತಿಗೆ ತಿರುಗಸ್ಲಿಕ್ಕೆ ನಡುವ ಇನ್ನೊಂದು ಪ್ರೋಗ್ರಾಮು ಬೇಕು. ಪೋಸ್ಟ್ ಪ್ರೊಸೆಸರ್ ಅಂತಾರ. ಒಂದೊಂದು ಮಶೀನಿಗೆ ಒಂದೊಂದು."

"ದುಭಾಷಿ ಅನ್ರಿ. ಸಂತ್ಯಾಗ ತೆಲುಗರಿಗೂ ನಮಗೂ ನಡುವ ನಿಂದರ್ತಾನಲ್ಲ, ಅಂಥಾಂವ."

"ಹೂಂ, ಅಂಥಾಂವನ."

"ಇದರ ದುಭಾಷಿ ಯಾರ್ರೀ?"

"ಅದ ಗೊತ್ತಾಗವಲ್ದು ನೋಡು."

ಹೈದರಾಬಾದಿನ ಕಂಪ್ಯೂಟರಿನಲ್ಲಿ ಬೇರೆ ಬೇರೆ ಮಶೀನುಗಳ ದುಭಾಷಿಗಳು ಇದ್ದವು. ಈ ಅನಾಥನದ್ದು ಇರಲಿಲ್ಲ. ಇದರ ಮುಖವನ್ನು ಹೋಲುವ ಇನ್ನೊಂದು ಮಶೀನು ಯಾವುದು ಎಂದು ಜಗನ್ನಾಥ ಫೋಟೋ ನೋಡಿ ನೋಡಿ ಒಂದನ್ನು ಆರಿಸುವುದು, ಅದರ ದುಭಾಷಿಯಿಂದ ತೂತು ಹೊಡೆದ ಕಾಗದದ ಟೇಪು ಮಾಡಿಸುವುದು, ಅದು ಬಸ್ಸಿನಲ್ಲಿ ಬರುವ ತನಕ ಕಾಯುವುದು.

ಮೊದಲನೆಯ ಟೇಪು ನೆಟ್ಟಗಿನ ಗೆರೆಗಳನ್ನು ಚೆಂದವಾಗಿಯೇ ಬರೆಯಿತು. ಎಲ್ಲರೂ ನಕ್ಕರು. ವೃತ್ತ ಬಂತು ನೋಡಿ, ಪೆನ್ಸಿಲ್ಲು ಹಾಳೆ ದಾಟಿ, ಮೇಜು ದಾಟಿ ಹೊರಟೇಬಿಟ್ಟಿತು. ಸುಂಕಪ್ಪ ಹಾರಿ ಕೆಂಪು ಗುಂಡಿ ಒತ್ತಿದ. ಮರುದಿನ ಅವನು ಹೆಂಡತಿಯ ಹಸಿರು ಗಾಜಿನ ಬಳೆಯೊಂದನ್ನು ತಂದ. "ಇದರಷ್ಟ ಬರಸ್ರಿ. ಮ್ಯಾಲೆ ಇಟ್ಟು ನೋಡಿದ್ರ ತಪ್ಪು ಎಲ್ಲದ ಅಂತ ಕಣ್ಣಿಗೆ ಕಾಣತದ."

ಮನೆಯಲ್ಲಿ ಮಾನಮ್ಮ ಸುಮ್ಮನಿರುತ್ತಾಳೆಯೇ? "ಹಬ್ಬಕ್ಕಂತ ಇಟ್ಟಿದ್ದ ಬಳಿ! ಮಶೀನಿಗೆ ತೊಡಿಸಿ ಬಂದಿಯೇನು? ಅದನ್ನೇ ಲಗ್ನ ಆಗಬೇಕಿತ್ತು ನೀನು."

"ಗೆರಿ ಕೂಡ್ಲಿ ತಡಿಯಬೇ, ತಂದು ನಿನ್ನ ಕೈಗೇ ಏರಸ್ತೀನಿ."

ಎರಡನೆಯ ಟೇಪು ಬಂತು. ಈ ಸಲ ಪೆನ್ಸಿಲ್ಲು ಹಾಳೆ ಬಿಟ್ಟು ಹೋಗಲಿಲ್ಲ, ಆದರೆ ಬರೆದದ್ದು ಉದ್ದುದ್ದ. "ತತ್ತಿ ಇಟ್ಟದಲ್ರೀ ಇದು!" ಎಂದು ಸುಂಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಜಗನ್ನಾಥನ ಮುಖ ನೋಡಿ ನಗು ನಿಲ್ಲಿಸಿದ. "ನಿಮ್ಮ ತಪ್ಪಲ್ರಿ. ಅದರದೂ ಅಲ್ಲ. ಪಾಪ, ಪರದೇಶಿ, ಅದರ ಮಾತು ತಿಳಿಯೋರು ಇಲ್ಲಿ ಯಾರದಾರ?" ಎಂದು ಮಶೀನಿನ ಮೈ ಒರೆಸಿ ಎಣ್ಣೆ ಹಚ್ಚಿದ.

ಮೂರನೆಯ ಟೇಪಿಗೆ ಕಾಯುತ್ತಿದ್ದಾಗ ಒಂದು ಸಂಜೆ ಸುಂಕಪ್ಪ ಲೇತಿನ ಮುಂದೆಯೇ ಕುಸಿದ. ದವಾಖಾನೆಯಲ್ಲಿ ಎಡಗಡೆ ಕೈಕಾಲು ಏಳಲಿಲ್ಲ. ಮಾತು ತೊದಲಿತು. ಅಷ್ಟರಲ್ಲೂ ಜಗನ್ನಾಥನನ್ನು ಕಂಡದ್ದೇ ಬಳೆಯ ಆ ಮಾತೊಂದನ್ನೇ ಕೇಳಿದ. "ಟೇಪು ಬರ್ಲಿಕತ್ತದ ಸುಂಕಪ್ಪ, ಬಂದ ಕೂಡ್ಲೆ ಹೇಳ್ತೀನಿ," ಎಂದ ಜಗನ್ನಾಥ. ಟೇಪು ಇವತ್ತು ಬೆಳಗಿನ ಬಸ್ಸಿಗೆ ಬಂತು. ಕೇಳಿದವನು ನಿನ್ನೆಯೇ ಹೋಗಿದ್ದ.

*

ಟೇಪು ಕರಕರ ಎಂದು ಓಡಿತು. ಮೇಜು ಸರಿಯಿತು, ಪೆನ್ಸಿಲ್ಲು ಇಳಿದು ಹಾಳೆಗೆ ತಾಗಿತು. ಕಾಲು ವೃತ್ತ ಬಂತು. ಅರ್ಧ ಬಂತು. ಗೆರೆ ದುಂಡಗಿತ್ತು, ಎಲ್ಲೂ ಸೊಟ್ಟಗಿರಲಿಲ್ಲ. ಮುಕ್ಕಾಲು.

"ಯಾ ಅಲ್ಲಾ," ಎಂದ ಜಹೀರುದ್ದೀನ್.

ಕೆಂಪು ದೀಪ ಹತ್ತಿತು. ಮಶೀನು ನಿಂತಿತು.

ಜಗನ್ನಾಥ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಪೆನ್ಸಿಲ್ಲು ಅದೇ ಗೆರೆಯ ಮೇಲೆ ಹೋಗಿ ಅದೇ ಜಾಗದಲ್ಲಿ ನಿಂತಿತು. ಕೊನೆಯ ಕಾಲು ಭಾಗಕ್ಕೆ ಇದು ಬೇರೇನು ಕೇಳುತ್ತಿದೆ? ಯಾರನ್ನು ಕೇಳಬೇಕು? ಇನ್ನೊಂದು ದುಭಾಷಿಯನ್ನು ಆರಿಸಬಹುದು, ಇನ್ನೊಂದು ಟೇಪು ತರಿಸಬಹುದು. ಕುರ್ಡಿಯಲ್ಲಿ ತೋಡಿದ ಕುಣಿ ಅಲ್ಲಿಯತನಕ ಕಾಯುತ್ತದೆಯೇ? ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ.

"ಕೂಡ್ತು ಅಂದುಬಿಡ್ರಿ ಸಾಬ್," ಎಂದ ಜಹೀರುದ್ದೀನ್ ಮೆಲ್ಲಗೆ. "ಎದ್ದು ಬಂದು ನೋಡ್ತಾನೇನು?"

"ಅಂವ ಇದ್ದಾಗ ಬಾಯಿಮಾತು ನಂಬಲಿಲ್ಲ ಜಹೀರಭಾಯಿ. ಬಳಿ ಇಟ್ಟ ನೋಡ್ತಿದ್ದ."

ಜಗನ್ನಾಥ ಹಾಳೆ ಕಿತ್ತುಕೊಂಡ. ಸುಂಕಪ್ಪನ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಳೆಯನ್ನು ತೆಗೆದುಕೊಂಡು ಹೊರಗೆ ಬಂದ.

ಟ್ರೇಲರಿನಲ್ಲಿ ಮಾನಮ್ಮ ಗಂಡನ ತಲೆಯ ಹತ್ತಿರ ಕೂತಿದ್ದಳು. ಹೊರಡುವ ಮೊದಲು ಮನೆಯ ಅಂಗಳದಲ್ಲಿ ಬಳೆ ಒಡೆದಿದ್ದರು. ಮಣಿಕಟ್ಟಿನಲ್ಲಿ ಗಾಜು ಗೀರಿದ ಗುರುತು ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಸುಂಕಪ್ಪನ ಅಕ್ಕ ಗೋಪಮ್ಮ.

"ಹೇಳ್ರಿ ಸಾಹೇಬ್ರ, ಹೊತ್ತಾತು," ಎಂದಳು ಗೋಪಮ್ಮ.

ಜಗನ್ನಾಥ ಟ್ರೇಲರು ಹತ್ತಿ, ಬಗ್ಗಿ, ಸುಂಕಪ್ಪನ ಕಿವಿಯ ಹತ್ತಿರ ಬಾಯಿ ಇಟ್ಟ. ಊದಿನಕಡ್ಡಿಯ ಹೊಗೆ ಕಣ್ಣಿಗೆ ಹೋಯಿತು. ಹಾಗೇ ಮೇಲೆದ್ದು ಮಾನಮ್ಮನ ಮುಂದೆ ಹಾಳೆ ಹಿಡಿದ. "ಆಗ್ಲಿಲ್ಲವ್ವಾ. ನನ್ನ ಕೈಲೆ ಆಗ್ಲಿಲ್ಲ," ಎಂದವನು ಎಲ್ಲರೆದುರೇ ಅತ್ತುಬಿಟ್ಟ.

ಮಾನಮ್ಮ ಹಾಳೆಯನ್ನು ಹತ್ತಿರ ತಂದು ನೋಡಿದಳು.

"ಇಷ್ಟು ಬಂತೇನ್ರಿ?"

"ಇಷ್ಟ ಬಂತು."

"ಬಳಿ ಎಲ್ಲಿ?"

ಕೊಟ್ಟ. ಗೋಪಮ್ಮ ಗಾಬರಿಯಾದಳು. "ಯವ್ವಾ, ಇದೊಂದು ಎಲ್ಲಿ ಉಳಿದಿತ್ತು? ತಾ ಇಲ್ಲಿ, ಒಡೀಬೇಕದನ್ನ."

"ಇದು ನನ್ನ ಬಳಿ ಅಲ್ಲ ಬಿಡಕ್ಕಾ," ಎಂದಳು ಮಾನಮ್ಮ. "ಅವನ ಅಳತಿ."

ಹಾಳೆಯನ್ನು ಗಂಡನ ಎದೆಯ ಮೇಲೆ ಹಾಸಿ, ಗೆರೆಗೆ ಗೆರೆ ಸರಿಯಾಗಿ ಬಳೆಯನ್ನು ಇಟ್ಟಳು. ಪೆನ್ಸಿಲ್ಲಿನ ಗೆರೆ ಗಾಜಿನ ಕೆಳಗೆ ಮರೆಯಾಯಿತು. ಅವಳು ಅವನ ಕಿವಿಗೆ ಬಗ್ಗಿದಳು.

"ಕೂಡ್ತು ನೋಡು. ಇನ್ನ ಸುಮ್ನ ಮಲಕೋ."

ಹೇಳಬೇಕಾದವನು ಹೇಳಲಿಲ್ಲ ಎಂದು ತಕರಾರು ತೆಗೆಯದೆ ಗೋಪಮ್ಮ ಟ್ರ್ಯಾಕ್ಟರಿನವನಿಗೆ ಕೈ ಮಾಡಿದಳು. ಟ್ರ್ಯಾಕ್ಟರು ಹೊರಟಿತು. ರಸ್ತೆಯ ತುಂಬ ತಗ್ಗು. ಟ್ರೇಲರು ಎತ್ತಿ ಹಾಕಿದಾಗಲೆಲ್ಲ ಬಳೆ ಜರುಗುತ್ತಿತ್ತು, ಕೆಳಗೆ ಹಾಳೆಯ ಖಾಲಿ ಕಾಲು ಭಾಗ ಕಾಣುತ್ತಿತ್ತು. ಮಾನಮ್ಮ ಅದನ್ನು ಮತ್ತೆ ಸರಿಮಾಡಿ, ಗೆರೆ ಇಲ್ಲದ ಆ ಕಡೆ ಬೆರಳು ಊರಿ ಹಿಡಿದು ಕೂತಳು.