ಬೀಗದ ಕೈ ಅವರ ಹತ್ತಿರ

ಸರ್ಪಸುತ್ತು ವಾಸಿಯಾಗಿ ವರ್ಷ ಕಳೆದರೂ ಪಂಕಜಾಳ ಪಕ್ಕೆಯಲ್ಲಿ ಅದರ ಉರಿ ಉಳಿದುಬಿಟ್ಟಿತ್ತು. ಸೆರಗು ತಗುಲಿದರೂ ಹಲ್ಲು ಕಚ್ಚಬೇಕು. ಮಾತ್ರೆ ನುಂಗಿದರೆ ತಲೆ ತಿರುಗುತ್ತಿತ್ತೇ ಹೊರತು ಉರಿ ಇಳಿಯುತ್ತಿರಲಿಲ್ಲ. ಇಳಿಸುತ್ತಿದ್ದದ್ದು ಗಂಡ ಅನಂತರಾಮು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ಜಯನಗರದ ಮನೆಯ ಆರಾಮಕುರ್ಚಿಯಲ್ಲಿ ಹೆಂಡತಿಯನ್ನು ಒರಗಿಸಿ, ಸಂಮೋಹನಕ್ಕೆ ಜಾರಿಸಿ, "ಪಕ್ಕೆಗೆ ತಣ್ಣಗೆ ಗಂಧ ಹಚ್ತಿದೀನಿ" ಎನ್ನುತ್ತಿದ್ದರು. ಗಂಧವಿಲ್ಲ, ಕೈಯೂ ಸೋಕುತ್ತಿರಲಿಲ್ಲ. ಆದರೂ ಸಂಜೆಯವರೆಗೆ ಉರಿ ಆರಿರುತ್ತಿತ್ತು.

"ನೋವಿರೋದು ಪಕ್ಕೇಲಲ್ಲ ಸಾರ್, ಮಿದುಳಲ್ಲಿ. ಬೀಗದ ಕೈ ನನ್ನ ಹತ್ರ!" ಎಂದು ಬಂದವರೆದುರು ನಗುವರು. ಸಾರಿಗೆ ಉಪ್ಪು ಹೆಚ್ಚಾದ ದಿನ, "ಇವತ್ತು ಮೂಡ್ ಇಲ್ಲ ಕಣೆ" ಎಂದು ಪೇಪರ್ ಬಿಡಿಸಿ ಕೂರುವರು.

ಕೋಣನಕುಂಟೆಯಲ್ಲಿ ತಂಗಿಯ ಮಗಳು ಸಮನ್ವಿತಾಳ ನಿಶ್ಚಿತಾರ್ಥ ಗೊತ್ತಾಯಿತು. ಪಂಕಜಾ ಎತ್ತಿ ಆಡಿಸಿದ ಮಗು. "ದೊಡ್ಡಮ್ಮನೇ ಹೂವು ಮುಡಿಸ್ಬೇಕು, ಹಿಂದಿನ ದಿನಾನೇ ಬಂದ್ಬಿಡು" ಎಂದು ಹಟ ಹಿಡಿದಿತ್ತು.

"ಹೋಗು. ಉರಿ ಬಂದ್ರೆ ತಂಗಿ ಕೈಲೇ ಇಳಿಸ್ಕೋ" ಎಂದರು ಅನಂತರಾಮು.

ಹೊರಡುವ ದಿನ ಪಂಕಜಾ ಗಂಡನ ದನಿಯನ್ನು ಕದ್ದೊಯ್ಯಲು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಸೆರಗಿನಡಿ ಇಟ್ಟುಕೊಂಡು ಕುರ್ಚಿಗೊರಗಿದಳು. ಗಂಧದ ಮಾತು ಮುಗಿಯಿತು. ತೆಳು ಸೀರೆಯೊಳಗಿಂದ ಬೆಳಕು ಕಂಡಿರಬೇಕು. ಅವರು ಮೆಲ್ಲಗೆ ಫೋನ್ ತೆಗೆದು ರೆಕಾರ್ಡಿಂಗ್ ನಿಲ್ಲಿಸಿದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, "ಇನ್ಮೇಲೆ ಫೋನಲ್ಲಿ ನನ್ನ ದನಿ ಕೇಳಿದ್ರೆ, ಗಂಧ ಕೆಂಡ ಆಗುತ್ತೆ" ಎಂದರು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ರೆಪ್ಪೆ ಎತ್ತಲಾಗಲಿಲ್ಲ. ಎಚ್ಚರಿಸಿದ ಮೇಲೆ ಫೋನನ್ನು ಅವಳ ಕೈಗಿಟ್ಟು, "ಚಾರ್ಜ್ ಕಮ್ಮಿ ಇದೆ ನೋಡು" ಎಂದರು.

ಮರುದಿನ ಬೀಗರು ಬರುವ ಹೊತ್ತಿಗೆ ಉರಿ ಎದ್ದಿತು. ಪಂಕಜಾ ಒಳಕೋಣೆ ಸೇರಿದಳು. ಮಾತು ಎಲ್ಲಾದರೂ ಸುಡುತ್ತದೆಯೇ, ಹೆದರಿಸಿದ್ದಾರೆ ಅಷ್ಟೆ ಎಂದುಕೊಂಡು ರೆಕಾರ್ಡಿಂಗ್ ಹಾಕಿ ಫೋನನ್ನು ಕಿವಿಗಿಟ್ಟಳು. "ಪಕ್ಕೆಗೆ ತಣ್ಣಗೆ" ಎನ್ನುವಷ್ಟರಲ್ಲಿ ಚರ್ಮ ಚುರ್ರೆಂದಿತು. ಕಿರುಚದಿರಲು ದಿಂಬು ಕಚ್ಚಿದಳು. ರವಿಕೆ ಸರಿಸಿ ನೋಡಿದರೆ ಅಲ್ಲಿ ಏನೂ ಇಲ್ಲ.

ಹೂವಿನ ತಟ್ಟೆ ಹಿಡಿದು ಬಂದ ತಂಗಿ ಸರ್ವಮಂಗಳಾ ಅಕ್ಕನ ಮುಖ ನೋಡಿ ಗಾಬರಿಯಾದಳು. "ಉರಿ ಶುರುವಾಯ್ತಾ? ತಾಳು, ಭಾವಂಗೆ ಫೋನ್ ಮಾಡ್ತೀನಿ."

"ಬೇಡ ಮಂಗಳಾ, ಬೇಡ್ವೇ..."

"ಸುಮ್ನಿರಕ್ಕ, ಸಂಕೋಚ ಏನು? ಭಾವ, ಅಕ್ಕಂಗೆ ಒಂಚೂರು ಹೇಳಿ" ಎಂದವಳೇ ಫೋನನ್ನು ಅಕ್ಕನ ಕಿವಿಗೊತ್ತಿ, ಅಲುಗದಂತೆ ತಲೆಯನ್ನು ಎದೆಗಾನಿಸಿಕೊಂಡಳು, ಪ್ರೀತಿಯಿಂದ.

"ಪಂಕಜಾ" ಎಂದರು ಅನಂತರಾಮು. ನಿಧಾನಕ್ಕೆ, ಒಂದೊಂದೇ ಮಾತಾಗಿ, "ಹೇಗಿದೀಯ? ಊಟ ಆಯ್ತಾ? ಹುಡುಗ ಹೇಗಿದಾನೆ?"

ಪ್ರತಿ ಮಾತಿಗೂ ಅವಳ ಮೈ ಸೆಟೆದು ಸೆಟೆದು ಬಿತ್ತು. "ಬರ್ತೀನಿ" ಎಂದಳು, ಉಸಿರು ಸಿಕ್ಕಾಗ. "ಈಗ್ಲೇ ಬರ್ತೀನಿ ರೀ."

"ಆಟೋ ಬುಕ್ ಮಾಡಿದೀನಿ. ಗೇಟ್ ಹತ್ರ ಇರುತ್ತೆ."

"ನೋಡು, ಎಷ್ಟು ಕಾಳಜಿ ಭಾವಂಗೆ! ಪುಣ್ಯ ಮಾಡಿದೀಯ ಕಣಕ್ಕ" ಎನ್ನುತ್ತ ಸರ್ವಮಂಗಳಾ ಅವಳ ತೋಳು ಹಿಡಿದು ಹಾಲ್ ದಾಟಿಸಿದಳು. ಹಸೆಯ ಮೇಲೆ ಕುಳಿತಿದ್ದ ಸಮನ್ವಿತಾ ಮುಡಿಗೆ ಹೂವಿಲ್ಲದೆ, "ದೊಡ್ಡಮ್ಮಾ, ಎಲ್ಲಿಗೆ?" ಎಂದು ಕೂಗಿದ್ದು ಕೇಳಿಸಿತು. ಪಂಕಜಾ ತಿರುಗಿ ನೋಡಲಿಲ್ಲ. ಅವಳಿಗೆ ಈಗ ಬೇಕಾಗಿದ್ದದ್ದು ಆ ಕುರ್ಚಿ ಒಂದೇ.