ಚೀಟಿ ಇಲ್ಲದ ಆಣೆ

ಕುಡಿದು ದಾಯಾದಿಯ ತಲೆ ಒಡೆದ ಕೇಸಿನಲ್ಲಿ ಬಿಳಿಗೆರೆಯ ನಿಂಗರಾಜುವನ್ನು ಬಿಟ್ಟು ಕಳಿಸುವಾಗ ಕೋರ್ಟು ಒಂದು ಷರತ್ತು ಹಾಕಿತ್ತು. ಮೂರು ತಿಂಗಳೊಳಗೆ ಕುಡಿತ ಬಿಡಿಸುವ ಶಿಬಿರ ಮುಗಿಸಿ ಸರ್ಟಿಫಿಕೇಟು ತರಬೇಕು. ನಿಂಗರಾಜು ಶಿಬಿರಕ್ಕೆ ಹೋಗಲಿಲ್ಲ. ಹೆಂಡತಿ ಸಾಕಮ್ಮನ ಜೊತೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟ ಹತ್ತಿ, ಮುಡಿ ಕೊಟ್ಟು, ಇನ್ನು ಮುಟ್ಟುವುದಿಲ್ಲವೆಂದು ಕರ್ಪೂರದ ಮುಂದೆ ಆಣೆ ಮಾಡಿ ಬಂದ. ಅದಾಗಿ ಏಳು ತಿಂಗಳು, ಒಂದು ತೊಟ್ಟೂ ಮುಟ್ಟಿರಲಿಲ್ಲ. ಕೋರ್ಟು ಹೇಳಿದ ಕೆಲಸ ಆಯಿತೆಂದೇ ನಂಬಿದ್ದವನಿಗೆ ಈಗ ಅರೆಸ್ಟ್ ವಾರಂಟು ಹೊರಟಿತ್ತು.

“ಬೆಟ್ಟದಲ್ಲಿ ಏನಾದ್ರೂ ಚೀಟಿ ಕೊಟ್ರಾ?” ನಂಜನಗೂಡು ಕೋರ್ಟಿನ ಮೆಟ್ಟಿಲ ಮೇಲೆ ಲಾಯರ್ ಶಾಲಿನಿ ಕೇಳಿದರು.

“ಮಾದಪ್ಪ ಚೀಟಿ ಬರ್ಕೊಟ್ಟಾನಾ ಮೇಡಂ? ಬೇಕಾದ್ರೆ ಇವಳ್ನ ಕೇಳಿ.”

“ಊ ಕಣವ್ವ, ವಾಸ್ನೆನೂ ಇಲ್ಲ,” ಎಂದಳು ಸಾಕಮ್ಮ.

“ಶಿಬಿರ ಮುಗಿಸಿ, ಗೇಟಾಚೆ ಬಂದು ಕುಡಿದಿದ್ರೂ ಇವತ್ತು ಮನೇಲಿರ್ತಿದ್ರಿ, ನಿಂಗರಾಜು.”

ವಾರಂಟು ರದ್ದು ಮಾಡಿ ಎಂಬ ಅರ್ಜಿಯನ್ನು ಓದಿದ ಜಡ್ಜರು ಸರ್ಟಿಫಿಕೇಟು ಎಲ್ಲಿ ಎಂದರು. ಆಣೆಯ ಮಾತು ಬಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅರ್ಜಿ ವಜಾ ಆಯಿತು; ಹದಿನಾಲ್ಕು ದಿನ ಜೈಲು.

ಪೊಲೀಸ್ ಜೀಪಿನ ಹತ್ತಿರ ಸಾಕಮ್ಮ ನೀರಿನ ಬಾಟಲಿ ಚಾಚಿದಳು. “ಇನ್ನೇನಾರ ಬೇಕಾ?”

ಏನು ಬೇಕೆಂದು ಏಳು ತಿಂಗಳಲ್ಲಿ ಮೊದಲ ಸಲ ಅವನ ಒಣಗಿದ ಗಂಟಲಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮುಖ ನೋಡದೆ, “ಏನೂ ಬ್ಯಾಡ ಕಣಮ್ಮಿ, ನೀನು ಓಗು,” ಎಂದ.