ನರ್ಸಿನ ಟ್ರಿಪ್ ಶೀಟ್

ಮಾನಸಿಕ ರೋಗಿಗಳ ವಾರ್ಡಿನಲ್ಲಿ, ಹಾಸಿಗೆಯೊಂದರ ಕೆಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡು ನರ್ಸ್ ತಡಕಾಡುತ್ತಿದ್ದಳು. ಆ ಹಾಸಿಗೆಯ ರೋಗಿ ಕಂಡಕ್ಟರಮ್ಮ ಸ್ನಾನಕ್ಕೆ ಹೋಗಿದ್ದರು. ಇನ್ನು ಹತ್ತು ನಿಮಿಷವಂತೂ ಬರುವುದಿಲ್ಲ. ಹನ್ನೊಂದಕ್ಕೆ ಡಾಕ್ಟರು ಬಂದು ಆಕೆಯನ್ನು ಮನೆಗೆ ಕಳಿಸುವುದೋ ಬೇಡವೋ ತೀರ್ಮಾನಿಸುವವರಿದ್ದರು. ಕರೆದೊಯ್ಯಲು ಬಂದ ತಂಗಿ, ಅಕ್ಕನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಆಗಲೇ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಾತ್ರೆ ಸರಿಯಾಗಿ ನುಂಗುತ್ತಿದ್ದಾರಾ ಎಂದು ಡಾಕ್ಟರು ಕೇಳಿದರೆ ಏನು ಹೇಳುವುದು? ಬೇರೆ ನರ್ಸುಗಳಿಗೆ ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸುವವರು, ಇವಳ ಮುಂದೆ ಮಾತ್ರ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದರು. ತನ್ನ ಪಾಳಿಯ ಮಾತ್ರೆಗಳನ್ನು ಎಲ್ಲೋ ಬಚ್ಚಿಡುತ್ತಿದ್ದಾರೆಂದು ನರ್ಸಿಗೆ ಗುಮಾನಿ.

ಗುಮಾನಿ ಎರಡೂ ಕಡೆಗಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು, ಮುಖ ನೋಡಿಯೇ ಟಿಕೆಟ್ ಇಲ್ಲದವನನ್ನು ಹಿಡಿಯುತ್ತಿದ್ದ ಹೆಂಗಸು ಮೂರು ವಾರದ ಹಿಂದೆ ಒಮ್ಮೆ ಮೋಸ ಹೋಗಿದ್ದರು. ವಾರ್ಡಿಗೆ ಬಂದಾಗಿನಿಂದ ತುಟಿ ಪಿಟಕ್ಕೆನ್ನದವರು ಅವತ್ತು, "ಬರೀಬೇಡಿ ಮತ್ತೆ" ಎಂದು, ತಂಗಿ ಊಟದಲ್ಲಿ ಏನೋ ಬೆರೆಸುತ್ತಾಳೆ ಎಂದು ಹೇಳಿದ್ದರು. "ಖಂಡಿತ ಬರೆಯಲ್ಲಮ್ಮ" ಎಂದಿದ್ದಳು ನರ್ಸ್. ಅಂತೂ ಬಾಯಿ ಬಿಟ್ಟರಲ್ಲ ಎಂಬ ಖುಷಿ ಅವಳಿಗೆ. ಆದರೆ ಇಂಥದ್ದನ್ನು ಫೈಲಿಗೆ ಸೇರಿಸದೆ ಬಿಡುವಂತಿಲ್ಲ, ಬರೆದಳು. ಮರುದಿನ ಡಾಕ್ಟರು ತಂಗಿಯ ಎದುರಿಗೇ ಅದನ್ನು ಗಟ್ಟಿಯಾಗಿ ಓದಿದರು. ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೋದ ತಂಗಿ ಎರಡು ವಾರ ಈ ಕಡೆ ತಲೆ ಹಾಕಲಿಲ್ಲ. ನರ್ಸೂ ತಪ್ಪಾಯಿತು ಅನ್ನಲಿಲ್ಲ. ನಿಯಮ ತನ್ನ ಕಡೆಗಿದೆಯಲ್ಲ ಎಂದು ಸುಮ್ಮನಾದಳು.

ಕೈಗೆ ಸಿಕ್ಕಿದ್ದು ಮಾತ್ರೆಯಲ್ಲ, ಒಂದು ಪುಟ್ಟ ನೋಟ್‌ಬುಕ್. ಬಸ್ಸಿನ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು, ಗಂಟೆ ನಿಮಿಷ ಸಮೇತ ನರ್ಸಿನ ಓಡಾಟವನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು.

"8.10 ಬಂದಳು. ಮಾತ್ರೆ ನುಂಗಿದೆ. ಬಾಯಿ ತೋರಿಸಲಿಲ್ಲ, ಬೇಕಂತಲೇ. 8.12 ಹೋದಳು."

"4.00ಕ್ಕೆ ಬರ್ತೀನಿ ಅಂದಳು. ಬರಲಿಲ್ಲ."

ಹಿಂದಿನ ಪುಟಗಳಲ್ಲಿ: "ತಂಗಿ ವಿಷಯ ಹೇಳಿದೆ. ಬರೆಯಲ್ಲ ಅಂದಳು." ಅದರ ಕೆಳಗಿನ ಗೆರೆಯಲ್ಲಿ ಒಂದೇ ಪದ: "ಬರೆದಿದ್ದಾಳೆ."

ನರ್ಸಿನ ಕಿವಿ ಬಿಸಿಯಾಯಿತು. ಒಂದೂ ಸುಳ್ಳಿರಲಿಲ್ಲ. ಆರು ವರ್ಷದಲ್ಲಿ ಅವಳು ಎಷ್ಟೋ ಜನರ ಬಗ್ಗೆ ಹೀಗೇ ಬರೆದಿದ್ದಳು. ತನ್ನ ಬಗ್ಗೆ ಬರೆದದ್ದನ್ನು ಓದಿದ್ದು ಇದೇ ಮೊದಲು.

"ಸಿಕ್ತಾ, ಸಿಸ್ಟರ್?"

ಕಂಡಕ್ಟರಮ್ಮ ಒದ್ದೆ ಕೂದಲಲ್ಲೇ ಬಾಗಿಲಲ್ಲಿ ನಿಂತಿದ್ದರು.

"ಮಾತ್ರೆ ಹುಡುಕ್ತಿದ್ದೆ. ಸಿಗಲಿಲ್ಲ."

"ಸಿಗೋದೂ ಇಲ್ಲ. ನುಂಗ್ತೀನಿ. ನಿಮಗೆ ತೋರಿಸಲ್ಲ, ಅಷ್ಟೇ. ಈಗ ಇದನ್ನೂ ಬರೀತೀರಾ?"

ಹಾಸಿಗೆ ಹುಡುಕಿದರೆ ಬರೆಯಲೇಬೇಕು. ಆದರೆ ನೋಟ್‌ಬುಕ್ಕಿನ ಸುದ್ದಿ ಡಾಕ್ಟರ ಕಿವಿಗೆ ಬಿದ್ದರೆ, ಸಂಶಯ ಇನ್ನೂ ಹೋಗಿಲ್ಲ ಎಂದು ಮನೆಗೆ ಹೋಗುವುದಕ್ಕೆ ಕಲ್ಲು ಬಿದ್ದಂತೆಯೇ. ಇಲ್ಲ, ಬರೆಯುವುದಿಲ್ಲ ಎಂಬ ಮಾತು ನರ್ಸಿನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

"ಬೇಡ, ಹೇಳ್ಬೇಡಿ," ಎಂದರು ಕಂಡಕ್ಟರಮ್ಮ. "ಏನು ಹೇಳೋಕೆ ಹೊರಟಿದ್ದೀರಿ ಅಂತ ಗೊತ್ತು. ಬರೀರಿ. ನನ್ನೆದುರಿಗೇ ಬರೀರಿ."

ನರ್ಸ್ ಫೈಲು ತಂದು, ಬರೆಯುತ್ತಲೇ ಓದಿದಳು. "ರೋಗಿಯನ್ನು ಕೇಳದೆ ಹಾಸಿಗೆ ಹುಡುಕಿದೆ. ಮಾತ್ರೆ ಸಿಗಲಿಲ್ಲ. ನನ್ನ ಬಗ್ಗೆ ಬರೆದ ನೋಟ್‌ಬುಕ್ ಸಿಕ್ಕಿತು, ಅದನ್ನೂ ಕೇಳದೆ ಓದಿದೆ. ನಾನು ಮಾತು ತಪ್ಪಿದೆ ಎಂದು ಬರೆದಿದ್ದಾರೆ. ಅದು ನಿಜ."

"ನಿಜ ಅನ್ನೋದರ ಕೆಳಗೆ ಒಂದು ಗೆರೆ ಎಳೀರಿ."

ಎಳೆದಳು. "ತಪ್ಪಾಯ್ತಮ್ಮ."

"ಅದನ್ನ ನನ್ನ ತಂಗಿಗೆ ಹೇಳಿ."

ಹನ್ನೊಂದಕ್ಕೆ ಬಂದ ಡಾಕ್ಟರು ಆ ಪುಟವನ್ನು ಎರಡು ಸಲ ಓದಿದರು. ತಪ್ಪು ತನ್ನದೇ ಎಂದು ನರ್ಸ್ ಮೂರು ರೀತಿಯಲ್ಲಿ ಹೇಳಿ ನೋಡಿದಳು. "ಸಿಬ್ಬಂದಿ ಮೇಲೆ ಕಣ್ಣಿಟ್ಟಿದ್ದಾರೆ ಅಂತಾಯ್ತು," ಎಂದರು ಅವರು. "ಇನ್ನೊಂದು ವಾರ ನೋಡೋಣ."

ನರ್ಸಿಗೆ ಅಳುವೇ ಬಂತು. ಬೆಂಚಿನ ಹತ್ತಿರ ಹೋಗಿ ತಂಗಿಗೆ ಎಲ್ಲವನ್ನೂ ಹೇಳಿದಳು. ಅವತ್ತು ಕೊಟ್ಟ ಮಾತು, ಅದನ್ನು ಮುರಿದದ್ದು, ಇವತ್ತಿನದು. ತಂಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎದ್ದಳು.

ವಾಪಸು ಬಂದಾಗ ಕಂಡಕ್ಟರಮ್ಮ ಕಿಟಕಿಯ ಬಳಿ ನಿಂತಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ನರ್ಸ್ ಪಕ್ಕಕ್ಕೆ ಹೋದಳು.

"ನಿಮ್ಮನ್ನ ನಂಬಿದೆ ಅಂದ್ಕೋಬೇಡಿ."

"ಇಲ್ಲಮ್ಮ."

"ಹೇಳಿದ್ರಾ ಅವಳಿಗೆ? ಏನಂದ್ಲು?"

"ನಮ್ಮಕ್ಕನ ಮೇಲೆ ಇನ್ನೂ ಏನೇನು ಬರೆದಿಟ್ಟಿದ್ದೀರಿ ಅಂದ್ರು."

ಕಂಡಕ್ಟರಮ್ಮ ಕಿಸಕ್ಕನೆ ನಕ್ಕರು. "ನನ್ನ ತಂಗಿ ಅಲ್ವಾ!" ಮರುಕ್ಷಣವೇ ಮುಖ ಸಣ್ಣದಾಯಿತು. "ಮುಂದಿನ ವಾರ ಬರ್ತಾಳೋ ಇಲ್ವೋ."

ಕೆಳಗೆ ಅಂಗಳದಲ್ಲಿ ತಂಗಿ ತುಂಬಿದ ಚೀಲವನ್ನು ಹೊತ್ತುಕೊಂಡೇ ಹೋಗುತ್ತಿದ್ದಳು. ಗೇಟಿನ ಹತ್ತಿರ ಅದನ್ನು ನೆಲಕ್ಕಿಟ್ಟು ಕೈ ಕೊಡವಿಕೊಂಡಳು. ಇತ್ತ ತಿರುಗುತ್ತಾಳೇನೋ ಎಂದು ಇಬ್ಬರೂ ಅವಳ ಬೆನ್ನನ್ನೇ ನೋಡುತ್ತ ನಿಂತರು.